ಅರ್ಥಿಂಗ್ ಇಲ್ಲ

ನಲವತ್ತೆರಡು ಬಲ್ಬು, ಆರುನೂರು ಮೀಟರ್ ವಾಯರು,
ಒಂದು ಡ್ರಿಲ್ ಮಶೀನು, ಒಂದು ಏಣಿ, ನಾನು.
ವಿಜಯಪುರದ ಬಾದಶಾಹಿ ಕಾಲದ ನೀರಿನ ಸುರಂಗಕ್ಕ
ಹಳದಿ ಬೆಳಕು ಹಾಕಬೇಕಂತ. ಟಿಕೀಟು ಐವತ್ತು ರೂಪಾಯಿ.
ನೀರು ಮುತ್ತ್ಯಾನ ಕಾಲಕ್ಕ ಬತ್ತಿ ಮುಗೀತು,
ಕತ್ತಲಿ ಮಾತ್ರ ಇನ್ನೂ ಹರೀತದ.

ಮೂಗಿಗೆ ಟಾವೆಲ್ಲು ಕಟ್ಟಿ ಇಳದೆ.
ಹಿಕ್ಕಿ ಮೊಣಕಾಲಮಟ, ಕಣ್ಣಿಗೆ ಚುಚ್ಚೋ ನಾತ.
ಮ್ಯಾಲ ತೊಗಲಬಾವಲಿ, ಇಲಿಯಂಥ ಬಾಲ ಇಳಿಬಿಟ್ಟು.
ಕಂಡಿದ್ವು. ಕಂಡ್ರ ಏನು, ಕೆಲಸ ಕೆಲಸ.

ಮೊದಲ ತೂತು ಹೊಡದೆ.
ಕಲ್ಲು ಚೀರ್ತು. ಆಮ್ಯಾಲ ಇಡೀ ಛತ್ತು ಕಳಚಿ
ಮಾರಿ ಮ್ಯಾಲ ಹಾರ್ತು.
ಅಷ್ಟು ಗದ್ದಲದಾಗ ಒಂದೂ ನನಗ ಹಾಯಲಿಲ್ಲ.
ಒಂದು ಮಾತ್ರ ಬಿತ್ತು, ಪೆಟ್ಟಿಗ್ಯಾಗ, ಸ್ಕ್ರೂಗಳ ನಡುವ:
ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ,
ನೆನೆಸಿಟ್ಟ ಶೇಂಗಾ ಬೀಜದ ಬಣ್ಣ.

ಮಹಾನಂದಾ ಬಿರಾದಾರ ಅಂತ ಕಾಲೇಜಿನಾಕಿ,
ದಿನಾ ಸಂಜಿಗೆ ಸುರಂಗದ ಬಾಯಾಗ ಕುಂತು
ಎಣಿಸೋ ಯಂತ್ರ ಟಿಕ್ ಟಿಕ್ ಒತ್ತಾಕಿ,
ಬೈಲಿಲ್ಲ. ಟಾವೆಲ್ಲು ಇಸಗೊಂಡು
ಕೂಸಿನ್ನ ಅದಕ್ಕ ಹಚ್ಚಿ ಗೋಡಿಗೆ ತೂಗಹಾಕಿದ್ಲು.
"ಮಶೀನ್ ಬಂದ್ ಮಾಡ್ರಿ. ಬ್ಯಾಟರಿನೂ."

ಎಷ್ಟೊತ್ತಾತೋ. ಅರ್ಧ ತಾಸು? ಒಂದು ತಾಸು?
ಒದ್ದಿ ಅರಬಿ ಝಾಡಿಸಿದಷ್ಟು ಸಪ್ಪಳ,
ಒಮ್ಮೆ, ಮತ್ತೊಮ್ಮೆ.
ಬ್ಯಾಟರಿ ಹಚ್ಚಿದಾಗ ಟಾವೆಲ್ಲು ಖಾಲಿ.

"ಕಾರಹುಣ್ಣಿವಿ ಹೊತ್ತಿಗೆ ಹಡಿತಾವ," ಅಂದ್ಲು,
"ವರ್ಷಕ್ಕ ಒಂದ ಕೂಸು. ಪಂಚಮಿಗೆ ಹಾರ್ತಾವ.
ಮೊದಲ ವರ್ಷ ಎಣಿಸಿ ಎಣಿಸಿ ಹೆಬ್ಬೆಟ್ಟು ಬಾತಿತ್ತು.
ಈಗ ಬೆರಳು ದಣಿಯವಲ್ದು."

ಮೂವತ್ತು ವರ್ಷ ಬೆಳಕು ಮಾರಾಂವ ನಾನು.
ಮದುವಿ ಹಂದರ, ಉರುಸು, ಬೋರವೆಲ್ಲಿನ ಮೋಟಾರು,
ಕರದಲ್ಲಿ ಹೋಗಿ ಕತ್ತಲಿ ಕಡದು ಬಂದಾಂವ.
ಹೆಂಡತಿ ಹಡಿಯೋ ರಾತ್ರಿ ಕರೆಂಟು ಹೋಗಿತ್ತು.
ನಾ ಕಂಬ ಹತ್ತಾಕ ಹೊಂಟಾಗ ಸೂಲಗಿತ್ತಿ ತಡದಿದ್ಲು:
ಕುಂದ್ರು ಲಾಲಸಾಬ,
ಇದಕ್ಕ ಲೈಟು ಬೇಕಾಗಂಗಿಲ್ಲ.

ಮರುದಿನ ಸಾಹೇಬರ ಟೇಬಲ್ ಮ್ಯಾಲ ಚೀಟಿ ಇಟ್ಟೆ:
ಸುರಂಗದಾಗ ಅರ್ಥಿಂಗ್ ಸಿಗವಲ್ದು,
ಮಂದಿಗೆ ಶಾಕ್ ಹೊಡದ್ರ ನಾ ಜವಾಬ್ದಾರಲ್ಲ.
ನೆಲದ ಹೊಟ್ಟ್ಯಾಗ ನಿಂತು ನೆಲ ಸಿಗವಲ್ದಂದ್ರ
ಐಟಿಐ ಮೊದಲ ವರ್ಷದ ಹುಡುಗನೂ ನಗತಾನ.
ಸಾಹೇಬರು ನಗಲಿಲ್ಲ, ಸಹಿ ಮಾಡಿದ್ರು.
ಫೈಲು ಮ್ಯಾಲಿನ ಆಫೀಸಿಗೆ ಹೋಗ್ಯದ, ಇನ್ನೂ ಬಂದಿಲ್ಲ.
ನನ್ನ ಪಗಾರನೂ.

ಹೊಡದ ತೂತು ಹಂಗ ಅದ.
ಫೈಲು ಬರೂದು ಬರ್ತದ, ಗೊತ್ತದ ನನಗ.

ಪಂಚಮಿ ಹಿಂದಿನ ಸಂಜಿ ಮಹಾನಂದಾ
ಯಂತ್ರ ನನ್ನ ಕೈಯಾಗಿಟ್ಲು.
ಹೊಗಿ ಹೊಂಟಂಗ ಹೊಂಟ್ವು,
ಗುಮ್ಮಟದ ಕಡೆ ಒಂದು ಎಳಿ, ದ್ರಾಕ್ಷಿ ತೋಟದ ಕಡೆ ಒಂದು,
ನಡುವ ಹೊಸಾವು, ಇನ್ನೂ ತಿರುವು ಕಲೀದಾವು.
ನಾನೂರ ಹನ್ನೆರಡಕ್ಕ ಲೆಕ್ಕ ತಪ್ತು.
ಮತ್ತ ಒಂದರಿಂದ ಹಿಡದೆ.