ಸ್ವಲ್ಪ ತಡೆಯಿರಿ

ಜುಬೈಲಿನ ಗುಜರಿಯಲ್ಲಿ ಮೂವತ್ತು ರಿಯಾಲಿಗೆ ಸಿಕ್ಕಿದ್ದು.
ಬಲಗಡೆಯ ಕೀಲು ಮುರಿದಿತ್ತು, ಕೇಬಲ್ ಟೈ ಬಿಗಿದೆ.
ಬ್ಯಾಟರಿ ಸತ್ತಿತ್ತು, ಈಗಲೂ ಸತ್ತೇ ಇದೆ.
ಕೀಲಿಗಳ ಮೇಲೆ ಅರಬ್ಬಿ, ಪಕ್ಕದಲ್ಲಿ ಇಂಗ್ಲಿಷು,
ಉಳಿದ ಚೂರು ಜಾಗದಲ್ಲಿ
ಲ್ಯಾನ್ಸಿಯ ಬಿಳಿ ತಿದ್ದುಪೆನ್ನಿನಿಂದ
ಕ, ಗ, ಚ, ಜ ಬರೆದೆ.
ಒತ್ತಕ್ಷರಕ್ಕೆ ಜಾಗ ಸಾಲಲಿಲ್ಲ.

ಹಗಲು ನಾನು ಏಸಿ ಮೆಕ್ಯಾನಿಕ್ಕು,
ಬೇರೆಯವರ ಕೋಣೆ ತಣ್ಣಗಾದೊಡನೆ ಹೊರಗೆ ಬರುವವನು.
ರಾತ್ರಿ ಮೇಲಿನ ಬಂಕಿನಲ್ಲಿ ಮಂಡಿಯ ಮೇಲೆ ಈ ಯಂತ್ರ.
ಕಪ್ಪು ಪರದೆ, ಮಿನುಕುವ ಒಂದು ಬಿಳಿ ಗೆರೆ,
ಏನಾದರೂ ಹೇಳು ಎಂಬಂತೆ.
ಹೇಳಿದೆ. ಅದಕ್ಕೆ ಅರ್ಥವಾಗಲಿಲ್ಲ.
ಹೀಗೆ ಹನ್ನೊಂದು ದಿನ.

ಇದ್ರಿಸ್ ಸುಡಾನಿನವನು, ಗೇಟಿನ ಕಾವಲಿಗೆ.
ಖಾರ್ಟೂಮಿನಲ್ಲಿ ಕಾಲೇಜಿನ ಸರ್ವರು ನೋಡಿಕೊಳ್ಳುತ್ತಿದ್ದನಂತೆ;
ಈಗ ಲಾರಿಗಳ ನಂಬರು ಬರೆದುಕೊಳ್ಳುತ್ತಾನೆ.
ಆಗ್ತಾ ಇಲ್ಲ, ಅಂದೆ.
ನೀನು ಏನು ಬರೆದೆ, ಅದು ಏನಂದಿತು, ಅಕ್ಷರ ಬಿಡದೆ ಹೇಳು, ಅಂದ.
ಮರೆತೆ, ಅಂದೆ.
ಹಾಗಾದರೆ ಹೋಗು, ಇನ್ನೊಮ್ಮೆ ಕೆಡಿಸಿಕೊಂಡು ಬಾ.

ಏಳು ವರ್ಷವಾಯಿತು ಇಲ್ಲಿ.
ನನ್ನ ತಪ್ಪನ್ನು ಇಷ್ಟು ಪೂರ್ತಿಯಾಗಿ ಕೇಳಿದವರು
ಬೇರೆ ಯಾರೂ ಇಲ್ಲ.

ನನಗೆ ಗೊತ್ತಿರುವ ಕಂಪ್ರೆಸ್ಸರುಗಳೆಲ್ಲ ಬೆಸುಗೆ ಹಾಕಿ ಮುಚ್ಚಿದವು,
ಒಳಗೆ ಕೆಟ್ಟರೆ ಎಸೆಯಬೇಕು.
ಇದರ ಒಳಗು ತೆರೆದೇ ಇದೆ.
ಯಾವನೋ ಬರೆದ ಸಾಲು, ಇನ್ಯಾವಳೋ ತಿದ್ದಿದ್ದು,
ಪಕ್ಕದಲ್ಲೊಂದು ಷರಾ:
ಇದು ಯಾಕೆ ಕೆಲಸ ಮಾಡುತ್ತದೋ ನನಗೂ ತಿಳಿಯದು, ಮುಟ್ಟಬೇಡಿ.

ಕೆಳಗಿನ ಬಂಕಿನಿಂದ ಹಮ್ಮಬ್ಬಾಕ ಕತ್ತು ಚಾಚಿ
ಎಂತ ಓದುದು ಮಾರಾಯ ಇಷ್ಟೊತ್ತಿಗೆ, ಅಂದರು.
ಅನಾಥ ಮಗುವನ್ನು ಕೊಲ್ಲುವುದು ಹೇಗೆ ಅಂತ, ಅಂದೆ.
ತೌಬಾ ಎಂದು ಮುಸುಕೆಳೆದುಕೊಂಡರು.
ಎರಡು ದಿನ ಸಾರು ಬಡಿಸುವಾಗ ನನ್ನ ಮುಖ ನೋಡಲಿಲ್ಲ.

ಆಮೇಲೆ ಕನ್ನಡದ ಕೆಲಸ.
ಒಂದು ಸಣ್ಣ ಪ್ರೋಗ್ರಾಮು, ನೂರಾ ನಲವತ್ತು ಮಾತು,
ಹೆಚ್ಚಿನವು ಸಲೀಸು.
ಒಂದೇ ಒಂದರಲ್ಲಿ ಸಿಕ್ಕಿಕೊಂಡೆವು ಒಂಬತ್ತು ರಾತ್ರಿ,
ಮುಖ ನೋಡಿರದ ನಾವು ನಾಲ್ವರು.
‘ದಯವಿಟ್ಟು ನಿರೀಕ್ಷಿಸಿ’ ಎಂದಿತ್ತು ಮೊದಲು.
ಯಾರನ್ನು? ಎಂದಳು ಸಲಾಲಾದ ನರ್ಸು ಫ್ಲೇವಿಯಾ,
ನಮ್ಮ ವಾರ್ಡಿನಲ್ಲಿ ಹಾಗೆ ಹೇಳಿದರೆ ರೋಗಿಗೆ ಹೆದರಿಕೆ.
‘ಕಾಯಿರಿ’ ಎಂದರು ದೋಹಾದ ಲೆಕ್ಕಿಗ ಶ್ರೀಪಾದ ಉಡುಪರು.
ದನಾನೋ, ಕುರೀನೋ? ಎಂದಳು ಗಜೇಂದ್ರಗಡದ ನೀಲಗಂಗಾ,
‘ತಡೀರಿ’ ಅನ್ರಿ, ಸಾಕು.
ತಡೆಯಲು ಇದೇನು ಪೊಲೀಸು ಕೆಲಸವೇ? ಎಂದರು ಉಡುಪರು.

ಅಲ್ಲಿಯತನಕ ಸುಮ್ಮನಿದ್ದೆ.
ಕನ್ನಡ ನನಗೆ ಏಳನೇ ಕ್ಲಾಸಿನಷ್ಟು,
ಕಾಯುವುದು ಮಾತ್ರ ಇವರಿಗಿಂತ ಹೆಚ್ಚು ಗೊತ್ತು.
ಇಕಾಮಾದ ಕೌಂಟರಿನಲ್ಲಿ, ಮೂರು ತಿಂಗಳ ಬಾಕಿ ಸಂಬಳಕ್ಕೆ,
ರಜೆಯ ಕಾಗದಕ್ಕೆ ಮುದೀರನ ಸಹಿ ಬೀಳುವ ಮುಂಚೆ,
ಎಲ್ಲ ಕಡೆ ಒಂದೇ ಮಾತು: ಶ್ವಯ್ಯ.
ಸ್ವಲ್ಪ ಅಂತ. ಅದು ಸುಳ್ಳು,
ಹೇಳುವವನಿಗೂ ಗೊತ್ತು, ಕೇಳುವವನಿಗೂ,
ಆದರೂ ಕೂರಲು ಕುರ್ಚಿ ಎಳೆದು ಕೊಟ್ಟ ಹಾಗೆ.
‘ಸ್ವಲ್ಪ ತಡೆಯಿರಿ’ ಎಂದು ಬರೆದೆ.
ಮೂಲದಲ್ಲಿ ‘ಸ್ವಲ್ಪ’ ಇಲ್ಲವಲ್ಲ, ಉಡುಪರು.
ಮೂಲದವರು ನಮ್ಮ ಕೌಂಟರಿನ ಮುಂದೆ ನಿಂತವರಲ್ಲ, ನಾನು.
ಬಹಳ ಹೊತ್ತು ಯಾರೂ ಏನೂ ಅನ್ನಲಿಲ್ಲ.
ಬೆಳಗಿನ ಬಸ್ಸು ಹತ್ತುವಾಗ ನೋಡಿದೆ,
ಉಡುಪರು ಒಪ್ಪಿದ್ದರು, ‘ಯಿ’ಗೆ ದೀರ್ಘ ಬೇಡ ಎಂಬ ಸೂಚನೆಯೊಂದಿಗೆ.

ಮಾರ್ಚಿನಲ್ಲಿ, ಮರಳುಗಾಳಿಗೆ ಡ್ಯೂಟಿ ನಿಂತ ದಿನ,
ಹೊಸ ಆವೃತ್ತಿ ಇಳಿಯಿತು.
ಒಳ್ಳೆಯ ಯಂತ್ರದಲ್ಲಿ ಆ ಮಾತು ಕಣ್ಣಿಗೂ ಬೀಳದೆ ಮಾಯವಾಗುತ್ತದೆ.
ನನ್ನದು ಹಳೆಯದು, ಏದುಸಿರಿನದು,
ಅದಕ್ಕೇ ಪೂರ್ತಿ ಓದಲು ಸಿಕ್ಕಿತು.

ಎತ್ತಿಕೊಂಡು ಗೇಟಿಗೆ ಓಡಿದೆ, ಅವನ ಫ್ಯಾನಿನ ಪ್ಲಗ್ಗು ಕಿತ್ತು ಇದನ್ನು ಸಿಕ್ಕಿಸಿದೆ.
ಇದ್ರಿಸ್ ಕನ್ನಡಕದ ಧೂಳೊರೆಸಿ ಬಗ್ಗಿ ನೋಡಿದ.
ಎಡದಿಂದ ಬಲಕ್ಕಾ? ಅಂದ.
ಹೌದು.
ಇದರಲ್ಲಿ ನಿನ್ನದು ಯಾವುದು?
ಮೊದಲನೆಯ ಶಬ್ದ ತೋರಿಸಿದೆ.

ಹೊರಗೆ ಸಿಮೆಂಟಿನ ಲಾರಿ ಹಾರ್ನು ಹೊಡೆಯತೊಡಗಿತು.
ಶ್ವಯ್ಯ, ಶ್ವಯ್ಯ, ಎಂದು ಕೂಗುತ್ತ
ಅವನು ಗೇಟು ತೆಗೆಯಲು ಎದ್ದ.