ಮಣೆ

ತ್ರೆವೋನಿಯದ ಮೊದಲ ಅಧ್ಯಕ್ಷ ಗ್ರೇಲಿಕ್ ಆರಡಿ ಆಳು.
ಉಪ್ಪರಿಗೆಯ ಕಟಾಂಜನ ಅವನ ಸೊಂಟಕ್ಕೆ ಬರುತ್ತಿತ್ತು.
ನನಗೆ ಕೆಲಸವಿರಲಿಲ್ಲ.

ಎರಡನೆಯವ ಜದೋರ್. ಗಿಡ್ಡ.
ನಡುರಾತ್ರಿ ಜೀಪು ಬಂತು; ಜ್ದೇನ್ಕಾ ನನ್ನ ಕೋಟಿನ ಜೇಬಿಗೆ
ಬ್ರೆಡ್ಡು ತುರುಕಿ ಅತ್ತಳು.
ಅವರು ಕೇಳಿದ್ದು ಇಷ್ಟೇ: ಗೇಣೆತ್ತರದ ಮಣೆ,
ಕಿರ್ರೆನ್ನಬಾರದು.
ಮೊಳೆ ಹೊಡೆಯದೆ ಮಾಡಿಕೊಟ್ಟೆ.
ಮೇ ಒಂದರಂದು ದೇಶವೇ ಕತ್ತೆತ್ತಿ ನೋಡುತ್ತಿದ್ದದ್ದರಲ್ಲಿ
ಒಂದು ಗೇಣು ನನ್ನದು.
ಯಾರಿಗೂ ಹೇಳಲಿಲ್ಲ. ಹೇಳುವ ಕಾಲವೇ ಅದು?

ಕೆನ್ಯೆಶ್ ಬಂದ. ಜದೋರನ ಹೆಸರು
ಬೀದಿಗಳಿಂದ, ಪಠ್ಯಗಳಿಂದ, ಒಂದು ನದಿಯಿಂದಲೂ ಹೋಯಿತು.
ಮಣೆ ಹೋಗಲಿಲ್ಲ.
ಎರಡು ಬೆರಳು ಏರಿಸು ಅಂದರು.

ಆಮೇಲಿನವ... ಹೆಸರು ನಾಲಿಗೆ ತುದಿಯಲ್ಲಿದೆ.
ಹನ್ನೊಂದು ವಾರ ಇದ್ದ, ಕೆಮ್ಮುತ್ತ.

ಕೊನೆಯವ ಹತ್ತಲೇ ಇಲ್ಲ.
ಚೌಕದ ತುಂಬ ಜನ; ಮೇಲೆ ಪರದೆ ಅಲುಗಿತು, ಅಷ್ಟೆ.
ಮರುದಿನ ಒಳನುಗ್ಗಿದವರು ಗಡಿಯಾರ, ಜಮಖಾನ ಹೊತ್ತರು.
ನಾನು ನನ್ನದನ್ನು ತಂದೆ.

ಈಗ ಮೊಮ್ಮಗಳು ಅದರ ಮೇಲೆ ನಿಂತು
ನಲ್ಲಿಯಲ್ಲಿ ಕೈ ತೊಳೆಯುತ್ತಾಳೆ.
ಮೊನ್ನೆ ಕೂಗಿದಳು: ತಾತಾ, ಇದು ಕುಂಟುತ್ತೆ.
ಉಳಿ ತಂದು ಮಂಡಿಯೂರಿದೆ.
ಊರುವ ಮುಂಚೆ, ಹಳೇ ಚಾಳಿ,
ಬೆನ್ನ ಹಿಂದೆ ಯಾರಾದರೂ ನಿಂತಿದ್ದಾರಾ
ನೋಡಿದೆ.