ಎಂಟು ಪದ

ವಾಕ್ಯಕ್ಕೆ ಎಂಟೇ ಪದ, ಮೀರಬಾರದು ಅಂದಿದ್ದರು
ಧಾರವಾಡದಿಂದ ಬಂದ ತರಬೇತಿಯವರು.
"ಪುಸ್ತಕಾನ ಮಾಸ್ತರು. ನೀವು ಅಲ್ಲಿ ಇರಂಗಿಲ್ಲ.
ಇರಂಗಿಲ್ಲ ಅನ್ನೂದು ಕೂಸಿಗೆ ಗೊತ್ತಾಗಬಾರದು."

ಕೋಡಿಬಾಗದ ಶಾಲೆಯ ಮಹಡಿಯಲ್ಲಿ ಐದು ಜನ ಕೂತೆವು.
ಕೆಳಗೆ ಖಾಲಿ ಬೆಂಚು, ಬೋರಲು ಹಾಕಿದ ಬಿಸಿಯೂಟದ ಪಾತ್ರೆ.
ಬಾಂದೇಕರ ಮಾಸ್ತರು ಭಿನ್ನರಾಶಿಗೆ
ಭಾಕರಿ ಬರೆದು, ಅಳಿಸಿ, ಬಾಂಗಡೆ ಬರೆದರು:
ಒಂದು ಬಾಂಗಡೆ, ನಾಲ್ಕು ತಟ್ಟೆ.
"ತಲೆ ಯಾರಿಗೆ ಅಂತ ಜಗಳ ಬತ್ತದೆ," ಅಂದಳು ನಾಗವೇಣಿ.
ಮತ್ತೆ ಭಾಕರಿಯೇ ಆಯಿತು.

ಪೆನ್ಸಿಲ್ ಚಿತ್ರ ಇದ್ದರೆ ಬರೆ,
ಕಣ್ಣಿದ್ದರೆ ನೋಡು,
ಕಿವಿ ಇದ್ದರೆ ಯಾರಾದರೂ ಓದಿದ್ದು ಕೇಳು.
ಹತ್ತೊಂಬತ್ತು ವರ್ಷ ಕಲಿಸಿದವಳಿಗೆ ಆಗ ತಿಳಿಯಿತು,
ನನ್ನ ಅರ್ಧ ಪಾಠ ಹುಬ್ಬಿನಲ್ಲಿತ್ತು.
ತಪ್ಪು ಉತ್ತರ ಪೂರ್ತಿ ಹೊರಬೀಳುವ ಮುಂಚೆ
ಹುಬ್ಬು ಏರುತ್ತಿತ್ತು, ಮಗು ನಾಲಿಗೆ ಕಚ್ಚಿ ತಿದ್ದಿಕೊಳ್ಳುತ್ತಿತ್ತು.
ಹುಬ್ಬಿಗೆ ಚಿತ್ರ ಸಿಗಲಿಲ್ಲ.
ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲುವುದಕ್ಕೆ
ಅರ್ಧ ಪುಟ ಖಾಲಿ ಬಿಟ್ಟೆ;
ಕಾಗದ ದಂಡ ಅಂತ ಮುದ್ರಣದವರು
ಮುಂದಿನ ಲೆಕ್ಕವನ್ನು ಮೇಲಕ್ಕೆಳೆದರು.
"ಶಾಬಾಸ್" ಬರೆಯುವಾಗ ಕೈ ತಡೆಯಿತು.
ಯಾವುದಕ್ಕೆ? ಮಗು ಇನ್ನೂ ಪೆನ್ಸಿಲ್ಲೇ ಎತ್ತಿಲ್ಲ.
ಆದರೂ ಬರೆದೆ, ಏಳು ಪುಟಕ್ಕೊಂದರಂತೆ.

ಪುಟ ಮೂವತ್ತೊಂದು ನನ್ನದು.
ದೋಣಿ ಗಂಟೆಗೆ ನಾಲ್ಕು ಕಿಲೋಮೀಟರ್ ಸಾಗುತ್ತದೆ.
ಎಂಟು ಕಿಲೋಮೀಟರ್ ಸಾಗಲು ಎಷ್ಟು ಹೊತ್ತು?
ಉತ್ತರ ಕೊನೆಯ ಪುಟದಲ್ಲಿ, ತಲೆಕೆಳಗಾಗಿ: ಎರಡು ಗಂಟೆ.

ಶ್ರಾವಣಕ್ಕೆ ಪುಸ್ತಕಗಳು ಮರಳಿದವು,
ಹಾಲಿನ ವ್ಯಾನಿನಲ್ಲಿ, ಗೋಣಿಚೀಲದೊಳಗೆ.
ಕೆಲವಕ್ಕೆ ಸೀಗಡಿಯ ವಾಸನೆ. ಒಂದಕ್ಕೆ ರಟ್ಟೇ ಇಲ್ಲ.
ಜೂಗದ ಪ್ರಾಚಿ ದುರ್ಗೇಕರ, ಐದನೆಯ ತರಗತಿ,
ಗೆರೆ ಸಾಲದೆ ಅಂಚಿಗೆ ಹತ್ತಿಸಿ ಬರೆದಿದ್ದಳು:
"ಭರ್ತಿ ಇದ್ದರೆ ಒಂದೂವರೆ. ಸುಕ್ತಿಗೆ ಮೂರು.
ಅಪ್ಪಂಗೆ ಜ್ವರ. ಹುಟ್ಟು ನಾನು ಹಾಕಿದರೆ
ಹೇಳೂಕೆ ಆಗೂದಿಲ್ಲ ಅಕ್ಕೋರೆ."
ಅದರ ಕೆಳಗೆ, ತಾನೇ ತಿದ್ದಿಕೊಳ್ಳಬೇಕೆಂಬ ನಿಯಮದಂತೆ,
ಕೊನೆಯ ಪುಟ ನೋಡಿ
ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿಕೊಂಡಿದ್ದಳು.

ತುಂಬ ಹೊತ್ತು ನೋಡಿದೆ ಆ ಕೆಂಪು ಗುರುತನ್ನು.
ನನ್ನ ಹುಬ್ಬು ಏರಿತ್ತೋ ಇಳಿದಿತ್ತೋ,
ಹೇಳಲು ಎದುರಿಗೆ ಯಾರೂ ಇರಲಿಲ್ಲ.

ಎರಡನೆಯ ಮುದ್ರಣಕ್ಕೆ ಉತ್ತರ ಹೊಡೆದುಹಾಕಿ ಬರೆದೆ:
ನೀರು ಯಾವ ಕಡೆ ಹರಿಯುತ್ತಿತ್ತು, ನೀನೇ ಬರೆ.
ಬಾಂದೇಕರರು ಬೆರಳು ಮಡಚಿ ಎಣಿಸಿದರು. ಆರು.
"ಇನ್ನೆರಡು ಪದಕ್ಕೆ ಜಾಗ ಇದೆಯಲ್ಲ?"
ಇರಲಿ, ಅಂದೆ.